ಡ್ಯಾಮ್ಗೊ ಹಾಕಿದರೆ ಸೈಕ್ಲಿಕ್ ಎಎಂಪಿ ಇಳಿಯಬೇಕಿತ್ತು, ನನ್ನದು ಏರುತ್ತಿದೆ!

ಮಳೆಹುಡುಗಿ:
ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮ್ಯೂ ಓಪಿಯಾಯ್ಡ್ ರಿಸೆಪ್ಟರ್ (ಮಾರ್ಫಿನ್ ಥರದವು ಅಂಟುವ ಗ್ರಾಹಕ) ಹಾಕಿದ ಎಚ್‌ಇಕೆ 293 ಕೋಶಗಳು, ಆ ರಿಸೆಪ್ಟರನ್ನು ಚುರುಕುಗೊಳಿಸುವ ಡ್ಯಾಮ್ಗೊ 1 ಮೈಕ್ರೋಮೋಲಾರ್. ರಿಸೆಪ್ಟರ್ ಜಿಐ ಪ್ರೋಟೀನ್ ಮೂಲಕ ಅಡಿನೈಲಿಲ್ ಸೈಕ್ಲೇಸ್ (ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವ) ತಡೆಯುತ್ತದೆ, ಕೋಶದೊಳಗೆ ಸುದ್ದಿ ಒಯ್ಯುವ ಸೈಕ್ಲಿಕ್ ಎಎಂಪಿ ಇಳಿಯುತ್ತದೆ ಅಂತಲ್ವಾ ಓದಿದ್ದು? ನನ್ನ ಪ್ಲೇಟಿನಲ್ಲಿ ಕಂಟ್ರೋಲ್‌ಗಿಂತ ಒಂದೂವರೆ ಪಟ್ಟು ಮೇಲಿದೆ. ಮೂರು ಸಲವೂ ಅದೇ. ಮಳೆಗಾಲದಲ್ಲಿ ಕರೆಂಟ್ ಹೋಗ್ತಾನೇ ಇರುತ್ತದೆ, ಫ್ರಿಜ್‌ನಲ್ಲಿದ್ದ ಕಿಟ್ ಕೆಟ್ಟಿರಬಹುದಾ?

ಹಳೇ ಪಿಪೆಟ್:
ಸೈಕ್ಲೇಸನ್ನು ಚುರುಕುಗೊಳಿಸುವ ಫೋರ್ಸ್ಕೋಲಿನ್ ಹಾಕಿದ್ದೀರಾ? ತಳದಲ್ಲೇ ಇರುವುದು ಇನ್ನೆಷ್ಟು ಇಳಿದೀತು? ಮೊದಲು ಏರಿಸಬೇಕು, ಆಗ ಇಳಿದದ್ದು ಕಾಣುತ್ತದೆ. ಹಾಗಂತ ಸುರಿಯಬೇಡಿ, ಜಾಸ್ತಿಯಾದರೆ ಡ್ಯಾಮ್ಗೊ ಕೆಲಸ ಮುಚ್ಚಿಹೋಗುತ್ತದೆ. ಐಬಿಎಂಎಕ್ಸ್ ಕೂಡ ಬೇಕು, ಇಲ್ಲದಿದ್ದರೆ ಇದ್ದಬದ್ದ ಸೈಕ್ಲಿಕ್ ಎಎಂಪಿಯನ್ನೆಲ್ಲ ಫಾಸ್ಫೋಡೈಎಸ್ಟರೇಸ್ ಕಿಣ್ವ ಮುಗಿಸುತ್ತದೆ.

ಮಳೆಹುಡುಗಿ:
ಎರಡೂ ಹಾಕಿದ್ದೇನೆ ಸರ್.

ಘಟ್ಟದಕ್ಕ:
ಕೆಟ್ಟ ಕಿಟ್ ಮೂರು ಸಲವೂ ಒಂದೇ ಕಡೆ ತಪ್ಪುವುದು ಅಪರೂಪ ಕಣಮ್ಮ. ಡ್ಯಾಮ್ಗೊ ಎಷ್ಟು ಹೊತ್ತಿಗೆ ಹಾಕಿದೆ? ಗಡಿಯಾರ ನೋಡಿ ಹೇಳು.

ಮಳೆಹುಡುಗಿ:
ಅಯ್ಯೋ ಅಕ್ಕಾ, ಅದನ್ನ ಬರೆದೇ ಇಲ್ಲ. ಐದೂವರೆಗೆ ತೀರ್ಥಹಳ್ಳಿ ಬಸ್ಸು. ಅದಕ್ಕೆ ಐದಕ್ಕೇ ಡ್ಯಾಮ್ಗೊ ಹಾಕಿ ಇನ್‌ಕ್ಯುಬೇಟರ್‌ನಲ್ಲಿಟ್ಟು ಓಡುತ್ತೇನೆ. ಬೆಳಿಗ್ಗೆ ಬಂದು ತೊಳೆದು, ಫೋರ್ಸ್ಕೋಲಿನ್ ಹಾಕಿ ಅಳೆಯುವುದು.

ಘಟ್ಟದಕ್ಕ:
ಸಿಕ್ಕಿತು ನೋಡು. ರಾತ್ರಿಯಿಡೀ ಸೈಕ್ಲೇಸನ್ನು ಅದುಮಿಟ್ಟೆ. ಕೋಶ ಸುಮ್ನೆ ಕೂರುವುದಿಲ್ಲ, ಒಳಗೊಳಗೇ ಸೈಕ್ಲೇಸಿನ ಬಲ ಹೆಚ್ಚಿಸಿಕೊಳ್ಳುತ್ತದೆ. ಬೆಳಿಗ್ಗೆ ನೀನು ತೊಳೆದ ಕೂಡಲೇ ಬಗ್ಗಿಸಿದ ಬಿದಿರು ಬಿಟ್ಟ ಹಾಗೆ ಚಿಮ್ಮುತ್ತದೆ. ಸೂಪರ್ ಆಕ್ಟಿವೇಶನ್ ಅನ್ನುತ್ತಾರೆ. ನೀನು ಅಳೆದದ್ದು ಔಷಧಿಯ ಕೆಲಸವನ್ನಲ್ಲ, ಔಷಧಿ ಬಿಡಿಸಿದ್ದರ ಪರಿಣಾಮವನ್ನು. ಇದು ಹೊಸದೇನಲ್ಲ. ನಿರೆನ್‌ಬರ್ಗ್ ಲ್ಯಾಬಿನವರು 1975ರಲ್ಲೇ ಮಾರ್ಫಿನ್ ಹಾಕಿ ತೋರಿಸಿದ್ದರು. ಹೌದು, ಜೆನೆಟಿಕ್ ಕೋಡ್‌ಗೆ ನೊಬೆಲ್ ಪಡೆದವರೇ! ಅದು ಡೆಲ್ಟಾ ರಿಸೆಪ್ಟರ್ ಇರುವ ಎನ್‌ಜಿ 108-15 ಕೋಶಗಳಲ್ಲಿ.

ಹೊಸ ಪ್ಲೇಟಿಗೆ ಡ್ಯಾಮ್ಗೊ, ಫೋರ್ಸ್ಕೋಲಿನ್ ಒಟ್ಟಿಗೇ ಹಾಕಿ 20 ನಿಮಿಷ ಇಡು. ಓಪಿಯಾಯ್ಡ್ ರಿಸೆಪ್ಟರನ್ನು ಮುಚ್ಚುವ ನಾಲಾಕ್ಸೋನ್ ಕಂಟ್ರೋಲ್ ಮರೆಯಬೇಡ. ಬಸ್ಸಿಗೆ ಮುಂಚೆ ಏನಾದರೂ ಹಾಕಲೇಬೇಕೆಂದರೆ ಪರ್ಟಸಿಸ್ ಟಾಕ್ಸಿನ್ ಹಾಕು, 100 ನ್ಯಾನೋಗ್ರಾಂ ಪ್ರತಿ ಮಿಲಿಗೆ. ಅದಕ್ಕೆ ರಾತ್ರಿಯಿಡೀ ಬೇಕು. ಟಾಕ್ಸಿನ್ ಜಿಐ ಕೈಕಟ್ಟಿದ ಮೇಲೆ ಡ್ಯಾಮ್ಗೊ ಏನೂ ಮಾಡಬಾರದು.

ಮಳೆಹುಡುಗಿ (ನಾಲ್ಕು ದಿನದ ನಂತರ):
ಇಳಿಯಿತು ಅಕ್ಕಾ! ಅರ್ಧಕ್ಕಿಂತ ಕೆಳಗೆ. ನಾಲಾಕ್ಸೋನ್ ಇದ್ದ ವೆಲ್‌ಗಳಲ್ಲಿ ಇಳಿಯಲೇ ಇಲ್ಲ. ಹಳೆಯ ಮೂರು ಪ್ಲೇಟಿನ ಲೆಕ್ಕವನ್ನೂ ಬಿಸಾಡಿಲ್ಲ, ಗೈಡ್ ಈಗ ಅದನ್ನೇ ಮುಂದುವರಿಸು ಅನ್ನುತ್ತಿದ್ದಾರೆ. ಇವತ್ತು ಟಾಕ್ಸಿನ್ ಹಾಕಿ ಬಸ್ಸು ಹತ್ತಿದ್ದೇನೆ.