ಇರಾನಿ ಸಿನಿಮಾ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: 'ಎ ಸೆಪರೇಷನ್' ನೋಡಿದ ಮೇಲೆ ಇರಾನಿನ ಹಳೆ ಸಿನಿಮಾಗಳ ಹುಚ್ಚು ಹಿಡಿದಿದೆ. ಡಿಸ್ಕ್ ತರಿಸಿ ಮನೆಯಲ್ಲೇ ನೋಡುವ ಯೋಚನೆ. ಅಮ್ಮನೂ ಕೂರುತ್ತಾರೆ, ಸಬ್‌ಟೈಟಲ್ ಓದಲು ಅವರಿಗೆ ಕಷ್ಟ. ಯಾವುದು ಮೊದಲು?

ಉತ್ತರ 1: ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಾಮಿಯ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್' (1987), ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಗೆಳೆಯನ ನೋಟ್‌ಬುಕ್ ತಪ್ಪಿ ಒಬ್ಬ ಹುಡುಗನ ಕೈಗೆ ಬಂದಿದೆ, ನಾಳೆ ಅದರಲ್ಲಿ ಹೋಂವರ್ಕ್ ಬರೆಯದಿದ್ದರೆ ಮೇಷ್ಟ್ರು ಅವನನ್ನು ಶಾಲೆಯಿಂದಲೇ ಓಡಿಸುತ್ತಾರೆ, ಅದಕ್ಕೆ ಈ ಹುಡುಗ ಗುಡ್ಡದ ಅಂಕುಡೊಂಕು ದಾರಿ ಹತ್ತಿ ಪಕ್ಕದ ಊರಿಗೆ ಓಡುತ್ತಾನೆ. ಇಷ್ಟೇ ಕಥೆ. ದೊಡ್ಡವರು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆ ಮುಖ ನೋಡಿದರೆ ಸಾಕು, ಅಮ್ಮನಿಗೆ ಸಬ್‌ಟೈಟಲ್ ಬೇಕಾಗಲ್ಲ.

ಉತ್ತರ 2: ಅದರ ಬೆನ್ನಿಗೇ ಕಿಯಾರೊಸ್ತಾಮಿಯದೇ 'ಆಂಡ್ ಲೈಫ್ ಗೋಸ್ ಆನ್' (1992) ನೋಡಿ. ಇರಾನಿನ 1990ರ ಭೂಕಂಪದ ನಂತರ, ಆ ಮೊದಲ ಸಿನಿಮಾದಲ್ಲಿ ನಟಿಸಿದ್ದ ಮಕ್ಕಳು ಬದುಕಿದ್ದಾರಾ ಅಂತ ಹುಡುಕಿ ಹೋಗುವ ನಿರ್ದೇಶಕನ ಕಥೆ. ಅವರದೇ 'ಕ್ಲೋಸ್-ಅಪ್' ಮಾತ್ರ ಒಬ್ಬರೇ ನೋಡಿ, ಪೂರ್ತಿ ಮಾತೇ ಮಾತು.

ಉತ್ತರ 3: ದುಡ್ಡು ಕೊಡುವ ಮೊದಲು ಡಿಸ್ಕ್‌ನ ರೀಜನ್ (ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತೆ ಅನ್ನೋ ಗುರುತು) ನೋಡ್ಕೊಳ್ಳಿ. ಅಮೆರಿಕದ ಬ್ಲೂ-ರೇ ಜಾಸ್ತಿ ರೀಜನ್ ಎ, ಭಾರತದ್ದು ಸಿ. ರೀಜನ್-ಫ್ರೀ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ಓಡಲ್ಲ.