ಅದಕ್ಕೆ ನಮ್ಮ ಮೇಲೆ ಕೋಪವೇ ಇಲ್ಲ, ಚಿಕ್ಕಪ್ಪ

ಚಿಕ್ಕಪ್ಪ, ನಮ್ಮ ಮನೆಯವರ ಗುಂಪಿಗೆ ನೀವು ಕಳಿಸಿದ ಸಂದೇಶವನ್ನು ಎರಡು ಸಲ ಕೇಳಿದೆ. ಟೈಪ್ ಮಾಡುತ್ತ ಕುಳಿತರೆ ಇದು ಮುಗಿಯುವುದಿಲ್ಲ, ಅದಕ್ಕೇ ಮಾತಿನಲ್ಲೇ ಉತ್ತರ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

ತಂಗಿ ಕೇಳಿದ್ದು ಇಷ್ಟು: ದೆವ್ವ ಬೇಡ, ಮುಖವಾಡ ಹಾಕಿದ ಕೊಲೆಗಾರ ಬೇಡ, ಈ ವಿಶ್ವದ ಮುಂದೆ ನಾವು ಏನೇನೂ ಅಲ್ಲ ಅನ್ನಿಸಿ ಎದೆ ನಡುಗುವ ಸಿನಿಮಾ ಯಾವುದು? ಕಾಸ್ಮಿಕ್ ಹಾರರ್ ಎನ್ನುತ್ತಾರಲ್ಲ, ಆ ಬಗೆಯದು. ನೀವು ‘ಇವೆಂಟ್ ಹೊರೈಜನ್’ಗೆ ಮೊದಲ ಸ್ಥಾನ ಕೊಟ್ಟಿರಿ. ‘ಅನೈಹಿಲೇಷನ್’ ನೋಡಿದರೆ ತಲೆಬುಡ ತಿಳಿಯಲಿಲ್ಲ, ಆಕಾಶದಿಂದ ಬಂದದ್ದಕ್ಕೆ ಏನು ಬೇಕಿತ್ತು ಎಂದು ಕೊನೆಗೂ ಹೇಳಲೇ ಇಲ್ಲ ಎಂದಿರಿ. ನನ್ನ ತಕರಾರು ಸರಿಯಾಗಿ ಅಲ್ಲೇ ಶುರುವಾಗುತ್ತದೆ. ಏನು ಬೇಕಿತ್ತು ಎಂದು ಹೇಳಿದ ಕ್ಷಣಕ್ಕೆ ಈ ಬಗೆಯ ಭಯ ಸತ್ತುಹೋಗುತ್ತದೆ.

‘ಇವೆಂಟ್ ಹೊರೈಜನ್’ 1997ರದು. ಕಾಣೆಯಾಗಿದ್ದ ಬಾಹ್ಯಾಕಾಶ ನೌಕೆಯೊಂದು 2047ರಲ್ಲಿ ನೆಪ್ಚೂನ್ ಬಳಿ ಮತ್ತೆ ಪ್ರತ್ಯಕ್ಷವಾಗುತ್ತದೆ, ನೋಡಲು ಹೋದವರಿಗೆಲ್ಲ ಹುಚ್ಚು ಹಿಡಿಸುತ್ತದೆ. ಆರಂಭದ ಅರ್ಧ ಗಂಟೆ ನನಗೂ ಬಹಳ ಇಷ್ಟ. ಆದರೆ ಆ ನೌಕೆ ಏನು ಮಾಡುತ್ತದೆ, ನೆನಪು ಮಾಡಿಕೊಳ್ಳಿ. ಕ್ಯಾಪ್ಟನ್‌ಗೆ ಅವನು ಬೆಂಕಿಯಲ್ಲಿ ಬಿಟ್ಟುಬಂದ ಸಂಗಾತಿಯನ್ನು ತೋರಿಸುತ್ತದೆ, ವಿಜ್ಞಾನಿಗೆ ಸತ್ತ ಹೆಂಡತಿಯನ್ನು, ತಾಯಿಗೆ ಮಗನನ್ನು. ಯಾರ ಮನಸ್ಸಿನಲ್ಲಿ ಯಾವ ಗಾಯವಿದೆ ಎಂದು ಅದಕ್ಕೆ ಗೊತ್ತು. ಆ ನೌಕೆಯ ರೂಪವನ್ನು ಕಟ್ಟಿದ್ದೇ ಪ್ಯಾರಿಸ್‌ನ ನೋಟ್ರೆ ಡಾಮ್ ಚರ್ಚಿನ ಆಕಾರಗಳಿಂದ. ಅಂದರೆ ಅದು ನರಕದ ಕಥೆ, ಚಿಕ್ಕಪ್ಪ. ನರಕವಿದ್ದರೆ ನಮ್ಮ ತಪ್ಪುಗಳ ಲೆಕ್ಕವಿಡುವವರು ಯಾರೋ ಇದ್ದಾರೆ ಎಂದಾಯಿತು, ಅವರ ಕಣ್ಣಿಗೆ ನಾವು ಬಿದ್ದಿದ್ದೇವೆ ಎಂದಾಯಿತು. ಎಷ್ಟೇ ರಕ್ತ ಹರಿದರೂ ಅದರಲ್ಲೊಂದು ಸಮಾಧಾನ ಉಳಿದೇ ಇರುತ್ತದೆ.

ಈ ಬಗೆಯ ಕಥೆಗಳಿಗೆ ದಾರಿ ಹಾಕಿದ ಅಮೆರಿಕದ ಲೇಖಕ ಲವ್‌ಕ್ರಾಫ್ಟ್, 1927ರಲ್ಲಿ ತನ್ನ ಕಥೆಗಳನ್ನು ಅಚ್ಚು ಹಾಕುತ್ತಿದ್ದ ಪತ್ರಿಕೆಯ ಸಂಪಾದಕರಿಗೆ ಬರೆದ ಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಮನುಷ್ಯರ ಕಟ್ಟಳೆಗಳಿಗೆ, ಆಸಕ್ತಿಗಳಿಗೆ, ಭಾವನೆಗಳಿಗೆ ಆ ವಿಶಾಲ ವಿಶ್ವದಲ್ಲಿ ಯಾವ ಬೆಲೆಯೂ ಇಲ್ಲ ಎಂಬುದೇ ತನ್ನ ಎಲ್ಲ ಕಥೆಗಳ ತಳಹದಿ ಎಂದು. ಅವನ ಕಥೆಗಳಲ್ಲಿ ಬರುವ ಆಕ್ಟೋಪಸ್ ತಲೆ, ಲೋಳೆ, ಹಳೆಯ ಗ್ರಂಥ, ಇವೆಲ್ಲ ಮೇಲಿನ ಉಡುಪು. ಅವನ ಬರಹದಲ್ಲಿ ಬೇರೆ ಜನಾಂಗಗಳ ಬಗೆಗಿನ ಅಸಹ್ಯವೂ ತುಂಬಿದೆ. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ನನಗೆ ಒಗ್ಗುವುದಿಲ್ಲ. ಒಳ್ಳೆಯ ನಿರ್ದೇಶಕರು ಆ ವಿಷವನ್ನು ಬಿಟ್ಟು ತಳಹದಿಯನ್ನು ಮಾತ್ರ ತೆಗೆದುಕೊಂಡಿದ್ದಾರೆ.

ಅಕ್ಕನ ಮಗ ‘ತುಂಬಾಡ್’ ಹೆಸರು ಹೇಳಿದ. ಪುಟ್ಟ, 2018ರ ಆ ಹಿಂದಿ ಸಿನಿಮಾದ ಮಳೆ, ಕತ್ತಲೆ, ದೇವಿಯ ಗರ್ಭದೊಳಗಿನ ಕೆಂಪು, ಎಲ್ಲವನ್ನೂ ನಾನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ಆದರೆ ಅದು ದುರಾಸೆಯ ಕಥೆ. ಆಸೆಯನ್ನು ಕೈಬಿಟ್ಟವನಿಗೆ ಅಲ್ಲಿ ಹೊರಬರುವ ಬಾಗಿಲಿದೆ. ತಂಗಿ ಕೇಳಿದ ಜಾತಿಯ ಸಿನಿಮಾದಲ್ಲಿ ನೀನು ಎಷ್ಟು ಒಳ್ಳೆಯವನಾದರೂ ಬಾಗಿಲಿಲ್ಲ. ‘ತುಂಬಾಡ್’ ಅನ್ನು ಅದರ ಪಾಡಿಗೆ ದೊಡ್ಡದಾಗಿಯೇ ಇರಲು ಬಿಡೋಣ, ಈ ಸಾಲಿಗೆ ಎಳೆಯುವುದು ಬೇಡ.

ಈಗ ‘ಅನೈಹಿಲೇಷನ್’. ಅಲೆಕ್ಸ್ ಗಾರ್ಲೆಂಡ್ 2018ರಲ್ಲಿ ತೆಗೆದದ್ದು. ಆಕಾಶದಿಂದ ಏನೋ ಬಂದು ದೀಪಸ್ತಂಭಕ್ಕೆ ಬೀಳುತ್ತದೆ, ಸುತ್ತಲೂ ಸೋಪಿನ ಗುಳ್ಳೆಯ ಬಣ್ಣದ ತೆರೆಯೊಂದು ಹಬ್ಬುತ್ತ ಹೋಗುತ್ತದೆ. ಒಳಗೆ ಒಂದೇ ಬಳ್ಳಿಯಲ್ಲಿ ಹಲವು ಜಾತಿಯ ಹೂವು, ಮನುಷ್ಯರ ಆಕಾರದಲ್ಲಿ ಬೆಳೆದ ಗಿಡಗಳು. ಪಟ್ಟಕದಲ್ಲಿ ಬೆಳಕು ಬಾಗುವಂತೆ ಅಲ್ಲಿ ಡಿಎನ್‌ಎ ಬಾಗಿ ಒಂದರೊಳಗೊಂದು ಬೆರೆಯುತ್ತದೆ. ತಾನು ಕೊಂದವಳ ದನಿಯಲ್ಲೇ ಸಹಾಯಕ್ಕಾಗಿ ಕೂಗುವ ಕರಡಿ ಎಲ್ಲರಿಗೂ ನೆನಪಿರುತ್ತದೆ. ನನ್ನ ಮನಸ್ಸು ಹಿಡಿದದ್ದು ಕೊನೆಯ ದೀಪಸ್ತಂಭದ ದೃಶ್ಯ. ಮುಖವಿಲ್ಲದ ಆ ಆಕೃತಿ ನಾಯಕಿಯನ್ನು ಬಾಗಿಲಿಗೆ ಒತ್ತಿ ಹಿಡಿಯುತ್ತದೆ, ನಮಗೆ ಅದು ದಾಳಿ ಎನ್ನಿಸುತ್ತದೆ. ಇನ್ನೊಮ್ಮೆ ನೋಡಿ ಚಿಕ್ಕಪ್ಪ, ಅವಳು ಬಾಗಿಲನ್ನು ತಳ್ಳುತ್ತಿರುವುದರಿಂದ ಅದೂ ತಳ್ಳುತ್ತಿದೆ. ಅವಳು ಮಾಡಿದ್ದನ್ನೇ ಅದು ಮಾಡುತ್ತಿದೆ, ಅಷ್ಟೇ. ಅದಕ್ಕೆ ದ್ವೇಷವಿಲ್ಲ, ಬಯಕೆ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಇದು ನನಗೆ ಯಾಕೆ ಇಷ್ಟು ಮುಖ್ಯ ಎಂದು ಈ ಗುಂಪಿನಲ್ಲಿ ಹೇಳಬಹುದು, ನೀವೆಲ್ಲ ಆಗ ಜೊತೆಗಿದ್ದವರು. ಅಮ್ಮನಿಗೆ ಕಾಯಿಲೆ ಬಂದ ವರ್ಷ, ನೋಡಲು ಬಂದವರಲ್ಲಿ ಎಷ್ಟೋ ಜನ ಮೆಲ್ಲಗೆ ಕೇಳುತ್ತಿದ್ದದ್ದು ಒಂದೇ: ಇಂಥವರಿಗೆ ಹೀಗೇಕಾಯಿತು, ಯಾರು ಏನು ಮಾಡಿದ್ದರು? ಅಮ್ಮನೂ ರಾತ್ರಿ ಅದನ್ನೇ ಯೋಚಿಸುತ್ತಿದ್ದಳು, ನನ್ನ ಬಳಿ ಹೇಳಿದ್ದಾಳೆ. ಈ ಸಿನಿಮಾದ ಆರಂಭದಲ್ಲಿ ನಾಯಕಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ, ಒಂದು ಕೋಶ ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ಪರದೆಯ ಮೇಲೆ ತೋರಿಸುತ್ತಾಳೆ. ನೋಡಲು ಸುಂದರವಾಗಿದೆ. ಆಮೇಲೆ ತಿಳಿಯುತ್ತದೆ, ಅದು ರೋಗಿಯೊಬ್ಬಳ ಗರ್ಭಕಂಠದ ಗಡ್ಡೆಯಿಂದ ತೆಗೆದ ಕೋಶ. ಅಲ್ಲಿ ನಾನು ಅತ್ತುಬಿಟ್ಟೆ. ಆ ಕೋಶಕ್ಕೆ ಅಮ್ಮ ಯಾರೆಂದೇ ಗೊತ್ತಿರಲಿಲ್ಲ, ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಅದು ತನ್ನ ಪಾಡಿಗೆ ಎರಡಾಗುತ್ತಿತ್ತು. ಭಯಂಕರವಾದ ಮಾತು ಇದು, ಆದರೂ ವರ್ಷಗಳ ನಂತರ ನನ್ನ ಎದೆಯ ಭಾರ ಇಳಿದದ್ದು ಅದೇ ದೃಶ್ಯದಲ್ಲಿ. ಅದಕ್ಕೇ, ತಲೆಬುಡವಿಲ್ಲದ ಸಿನಿಮಾ ಎಂದು ನೀವು ಹೇಳಿದಾಗ ಸುಮ್ಮನಿರಲು ಆಗಲಿಲ್ಲ.

ಒಂದು ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಬರೀ ಅಗಾಧತೆ ತೋರಿಸಿದರೆ ಸಾಲದು, ಕಳೆದುಕೊಳ್ಳಲು ಪ್ರೀತಿಯ ಒಬ್ಬರಾದರೂ ಇರಬೇಕು. ‘ದಿ ಮಿಸ್ಟ್’ (2007) ಗೆಲ್ಲುವುದು ಅಲ್ಲೇ, ಅಪ್ಪ ಮಗನ ಕೈ ಬಿಡದಿರುವುದರಲ್ಲಿ. ಎಲ್ಲರೂ ಅದರ ಅಂತ್ಯದ ಬಗ್ಗೆಯೇ ಜಗಳವಾಡುತ್ತಾರೆ. ಮೂಲ ಕಥೆಯಲ್ಲಿ ಸ್ಟೀಫನ್ ಕಿಂಗ್ ಬರೆದ ಅಂತ್ಯವನ್ನು ನಿರ್ದೇಶಕ ಡ್ಯಾರಬಾಂಟ್ ಬದಲಿಸಿದ, ಕಿಂಗ್ ಅದನ್ನು ಮೆಚ್ಚಿದ. ನನಗೆ ಅಂತ್ಯಕ್ಕಿಂತ ಅದರ ಸ್ವಲ್ಪ ಮುಂಚಿನ ಕ್ಷಣ ದೊಡ್ಡದು: ಮಂಜಿನಲ್ಲಿ ಬೆಟ್ಟದಂಥ ಪ್ರಾಣಿಯೊಂದು ಕಾರಿನ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಹೋಗುತ್ತದೆ, ಒಳಗಿರುವವರತ್ತ ತಿರುಗಿಯೂ ನೋಡುವುದಿಲ್ಲ. ಅತ್ತಿಗೆ, ನೀವು ಕೇಳಿದ್ದಿರಿ, ಇದನ್ನು ಮಕ್ಕಳ ಜೊತೆ ನೋಡಬೇಡಿ, ಖಂಡಿತ ಬೇಡ.

ಲವ್‌ಕ್ರಾಫ್ಟ್‌ನ ಕಥೆಯಲ್ಲಿ ಭೂಮಿಯ ಮೇಲೆ ಇಲ್ಲದ ಬಣ್ಣವೊಂದು ಬರುತ್ತದಲ್ಲ, ಅದನ್ನು ತೆರೆಯ ಮೇಲೆ ತೋರಿಸುವುದು ಹೇಗೆ? ನಿಕೋಲಸ್ ಕೇಜ್ ಇರುವ 2019ರ ಸಿನಿಮಾ ಮಜೆಂಟಾ ಹಿಡಿದಿದೆ. ಮಜೆಂಟಾ ಕಾಮನಬಿಲ್ಲಿನಲ್ಲಿ ಇಲ್ಲದ ಬಣ್ಣ, ಹಾಗಾಗಿ ಆಯ್ಕೆ ಜಾಣತನದ್ದೇ. ಆದರೂ ನಾನು 2010ರ ಜರ್ಮನ್ ಸಿನಿಮಾ ‘ಡೀ ಫಾರ್ಬೆ’ಯ ಪರ. ಇಡೀ ಸಿನಿಮಾ ಕಪ್ಪುಬಿಳುಪು, ಆ ಒಂದಕ್ಕೆ ಮಾತ್ರ ಬಣ್ಣ.

ತಂಗಿ, ನಿನಗೆ ನನ್ನ ಸಲಹೆ: ರಕ್ತ ಬೇಡವೆಂದರೆ ‘ದಿ ಎಂಡ್‌ಲೆಸ್’ (2017) ನೋಡು, ಅಲ್ಲಿ ಕಾಣದಿರುವುದೇ ಹೆದರಿಸುತ್ತದೆ. ಧೈರ್ಯವಿದ್ದರೆ ಮೊದಲಿಗೇ ಜಾನ್ ಕಾರ್ಪೆಂಟರ್‌ನ ‘ದಿ ಥಿಂಗ್’. ಅಂಟಾರ್ಕ್ಟಿಕಾದಲ್ಲಿ 12 ಗಂಡಸರು, ಯಾರ ದೇಹವನ್ನು ಬೇಕಾದರೂ ನಕಲು ಮಾಡಬಲ್ಲ ಏನೋ ಒಂದು. 1982ರ ಜೂನ್‌ನಲ್ಲಿ, ಮುದ್ದಾದ ‘ಇ.ಟಿ.’ ಬಂದ ಎರಡೇ ವಾರಕ್ಕೆ ಇದು ಬಂದಿತು, ಜನ ಮುಖ ತಿರುಗಿಸಿದರು. ಅದರಲ್ಲಿ ಕಂಪ್ಯೂಟರೊಂದು ಲೆಕ್ಕ ಹಾಕಿ ಹೇಳುತ್ತದೆ: ಇದು ಹೊರಜಗತ್ತಿಗೆ ತಲುಪಿದರೆ 27,000 ಗಂಟೆಗಳಲ್ಲಿ ಮನುಷ್ಯಕುಲವೆಲ್ಲ ಮುಗಿಯಿತು. ಮೂರು ವರ್ಷ ಮತ್ತು ಸ್ವಲ್ಪ ದಿನ. ಆ ತಣ್ಣನೆಯ ಅಂಕಿಯೇ ಸಾಕು.

ನೋಡುವಾಗ ಅದರಲ್ಲಿ ಬರುವ ನಾಯಿಯ ಮೇಲೆ ಕಣ್ಣಿಡು. ಬೊಗಳುವುದಿಲ್ಲ, ಬಾಲ ಆಡಿಸುವುದಿಲ್ಲ, ನಿಂತು ಎಲ್ಲರನ್ನೂ ಗಮನಿಸುತ್ತದೆ. ಅದು ಒಂದು ಕೋಣೆಯೊಳಗೆ ಹೋದಾಗ ಗೋಡೆಯ ಮೇಲೆ ಒಬ್ಬನ ನೆರಳು ಕಾಣುತ್ತದೆ. ಅದು ಯಾರದು ಎಂದು ನಿನಗೆ ಅನ್ನಿಸಿತೋ ಇಲ್ಲಿ ತಿಳಿಸು, ಚಿಕ್ಕಪ್ಪನಿಗೂ ನನಗೂ ಅದರ ಬಗ್ಗೆ ಹಳೆಯ ವ್ಯಾಜ್ಯವಿದೆ.