ಇತಿಹಾಸ ಸಂಶೋಧನಾ ವಿಧಾನ: ನಾಲ್ಕರಲ್ಲಿ ಯಾವ ಪುಸ್ತಕ ಕೊಳ್ಳೋದು?

ಸಾಗರದಿಂದ ಪ್ರಶ್ನೆ: ಕೆಳದಿ ಅರಸರ ಕಾಲದ ಭೂಕಂದಾಯದ ಮೇಲೆ ಪಿಎಚ್‌ಡಿ. ಇ.ಎಚ್. ಕಾರ್ (ವಾಟ್ ಈಸ್ ಹಿಸ್ಟರಿ?), ಮಾರ್ಕ್ ಬ್ಲಾಕ್ (ದಿ ಹಿಸ್ಟೋರಿಯನ್ಸ್ ಕ್ರಾಫ್ಟ್), ಜಾನ್ ಟಾಶ್ (ದಿ ಪರ್ಸ್ಯೂಟ್ ಆಫ್ ಹಿಸ್ಟರಿ), ಇ. ಶ್ರೀಧರನ್ (ಎ ಟೆಕ್ಸ್ಟ್‌ಬುಕ್ ಆಫ್ ಹಿಸ್ಟೋರಿಯೋಗ್ರಫಿ), ಈ ನಾಲ್ವರಲ್ಲಿ ಒಬ್ಬರ ಪುಸ್ತಕಕ್ಕೆ ಮಾತ್ರ ದುಡ್ಡಿದೆ. ಯಾರದ್ದು ತಗೊಳ್ಳಲಿ?

ಶಿವಮೊಗ್ಗ: ಕಾರ್ ಕೊಳ್ಳಬೇಡಿ, ಲೈಬ್ರರಿಯಿಂದ ತಂದು ಓದಿ. ಅದು 1961ರ ಉಪನ್ಯಾಸಗಳು. ಇತಿಹಾಸಕಾರ ಯಾವುದನ್ನು ಆರಿಸುತ್ತಾನೆ, ಯಾಕೆ ಅನ್ನೋ ವಾದಕ್ಕೆ ಚೆನ್ನ; ಆಕರ (ಮೂಲ ದಾಖಲೆ) ಮುಂದಿಟ್ಟುಕೊಂಡು ಕೂತಾಗ ಕೈಹಿಡಿಯಲ್ಲ. ಶ್ರೀಧರನ್ ಅವರದ್ದು ಇತಿಹಾಸ ಬರವಣಿಗೆಯ ಇತಿಹಾಸ. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್‌ಗೆ ಅದನ್ನೇ ಓದಬೇಕು, ಪ್ರಬಂಧಕ್ಕೆ ಮೊದಲ ಅಧ್ಯಾಯ ದಾಟಿದ ಮೇಲೆ ಕೆಲಸಕ್ಕೆ ಬರಲ್ಲ. ದುಡ್ಡು ಕೊಡೋದಾದರೆ ಟಾಶ್‌ಗೆ ಕೊಡಿ. ಆಕರಗಳ ಬಗೆ, ಅವನ್ನು ಬಳಸುವ ಕ್ರಮ, ಎರಡಕ್ಕೂ ಪ್ರತ್ಯೇಕ ಅಧ್ಯಾಯಗಳಿವೆ. ಹಳೇ ಆವೃತ್ತಿ ಸೆಕೆಂಡ್‌ಹ್ಯಾಂಡ್ ಸಿಕ್ಕರೂ ಸಾಕು.

ತೀರ್ಥಹಳ್ಳಿ: ಟಾಶ್ ಸರಿ ಮಾರಾಯ್ರೆ, ಉದಾಹರಣೆಗಳು ಮಾತ್ರ ಬಹುಪಾಲು ಇಂಗ್ಲೆಂಡಿನವು. ಬ್ಲಾಕ್ ಪುಸ್ತಕದ ಮೂರನೇ ಅಧ್ಯಾಯವನ್ನೂ ಜೊತೆಗೆ ಓದಿ. ಸುಳ್ಳು ದಾಖಲೆ ಹೇಗೆ ಹುಟ್ಟುತ್ತೆ ಅನ್ನೋದನ್ನು ಅಷ್ಟು ಬಿಡಿಸಿ ಹೇಳಿದವರು ಕಡಿಮೆ. (1944ರಲ್ಲಿ ಜರ್ಮನ್ನರು ಅವರನ್ನು ಗುಂಡಿಟ್ಟು ಕೊಂದರು, ಪುಸ್ತಕದ ಕೊನೇ ಅಧ್ಯಾಯ ಅರ್ಧಕ್ಕೇ ನಿಂತಿದೆ.)

ಆದರೆ ಕಡತದ (ಹಿಂದೆ ಲೆಕ್ಕಪತ್ರ ಬರೆದಿಡುತ್ತಿದ್ದ ಮಡಿಸುವ ಬಟ್ಟೆಯ ಪುಸ್ತಕ) ವಿಷಯ ಈ ಯಾವುದರಲ್ಲೂ ಸಿಗಲ್ಲ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆ. ಮೇಲಿರೋದು ಬಳಪದ ಬರಹ. ಅಳಿಸಿ ಮತ್ತೆ ಬರೆಯಬಹುದಾದ ವಸ್ತು ಅದು. ಹಾಗಾಗಿ ಬಟ್ಟೆ ಹಳೇದು ಅಂತ ಬರಹವೂ ಅಷ್ಟೇ ಹಳೇದು ಅನ್ನೋ ಹಾಗಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆದರೆ ಅಳಿಸಿದ ಗೆರೆಗಳು ಕಂಡರೂ ಕಾಣಬಹುದು. ಮಳೆಗಾಲದ ಬೂಷ್ಟು ಕಂಡು ಒದ್ದೆ ಬಟ್ಟೆಯಲ್ಲಿ ಒರೆಸಿದಿರೋ, ದಾಖಲೆಯೇ ಹೋಯ್ತು.

ಸಾಗರ: ಶಾಸನಗಳ ತೇದಿ ಲೆಕ್ಕ ಟಾಶ್‌ನಲ್ಲಿ ಬರುತ್ತಾ?

ಸೊರಬ: ಬರಲ್ಲ. ಕ್ರಿಸ್ತಶಕ ತಿಳಿಯೋಕೆ ಶಕವರ್ಷಕ್ಕೆ 78 ಕೂಡಿಸಿ ಮುಗಿಸಿಬಿಡ್ತಾರೆ, ತಪ್ಪಾಗೋದು ಅಲ್ಲೇ. ಸಂವತ್ಸರದ ಹೆಸರನ್ನೂ ತಾಳೆ ನೋಡಿ. ಶಕ 1594 ಪರಿಧಾವಿ ಅಂದರೆ 1672. ಮಾಸ ಮಾಘವೋ ಫಾಲ್ಗುಣವೋ ಆಗಿದ್ದರೆ 1673ಕ್ಕೆ ದಾಟಿರುತ್ತೆ, ಯುಗಾದಿವರೆಗೂ ಸಂವತ್ಸರ ಅದೇ ತಾನೆ. ಇನ್ನು ಕಲ್ಲಲ್ಲಿ 1595 ಪರಿಧಾವಿ ಅಂತಿದ್ದರೆ ಕೊರೆದವನು ತಪ್ಪಿದ ಅಂತ ಹಾರಬೇಡಿ, ಅದು ಮುಗಿದ ವರ್ಷಗಳನ್ನಷ್ಟೇ ಅಲ್ಲ, ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಲೆಕ್ಕ ಇರಬಹುದು. ಆಗ ಕೂಡಿಸಬೇಕಾದ್ದು 77.

ಬಿ.ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮಗೆ ಮೊದಲು ಬೇಕಾದ್ದು 8ನೇ ಸಂಪುಟ, 1904ರದ್ದು. ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಇಂಗ್ಲಿಷ್ ಅನುವಾದ ಓದಿ ಉಲ್ಲೇಖ ಕೊಡಬೇಡಿ, ಕನ್ನಡ ಮೂಲಪಾಠವನ್ನೇ ನೋಡಿ. ತೆರಿಗೆಯ ಹೆಸರುಗಳು ಅನುವಾದದಲ್ಲಿ ಕರಗಿಬಿಡುತ್ತವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಗಳೇ ಬೇರೆ. ಅಡಿಟಿಪ್ಪಣಿಯಲ್ಲಿ ಬರೀ 'ಸಂ. 8' ಅಂತ ಬರೆದರೆ ನೋಡುವವರು ಬೇರೆ ಯಾವುದೋ ಜಿಲ್ಲೆಯಲ್ಲಿ ಹುಡುಕ್ತಾ ಇರ್ತಾರೆ. ಆವೃತ್ತಿ, ತಾಲ್ಲೂಕು, ಶಾಸನ ಸಂಖ್ಯೆ ಮೂರನ್ನೂ ಹಾಕಿ.